ಸಣ್ಣ ಸರ್ವರ್ ರ‍್ಯಾಕ್‌ಗೆ ಒಂದು ತಲೆಮಾರು ಹಿಂದಿನ ವೇಗವೇ ಲೇಸು

ಕಾಲೇಜಿನ ಕಂಪ್ಯೂಟರ್ ಲ್ಯಾಬ್, ಜಿಲ್ಲಾ ಕೇಂದ್ರದ ಸ್ಕ್ಯಾನಿಂಗ್ ಸೆಂಟರ್, ಸಿನಿಮಾ ಎಡಿಟಿಂಗ್ ಸ್ಟುಡಿಯೊ, ಸಣ್ಣ ಸಾಫ್ಟ್‌ವೇರ್ ಕಂಪನಿ, ಸಹಕಾರಿ ಬ್ಯಾಂಕು ಮುಂತಾದ ಎಷ್ಟೋ ಕಡೆ ಈಗ ಮೂಲೆಯಲ್ಲೊಂದು ಸರ್ವರ್ ರ‍್ಯಾಕ್ ಕಾಣಸಿಗುತ್ತದೆ. ಮೂರೋ ನಾಲ್ಕೋ ಸರ್ವರ್, ಕಡತಗಳಿಗೊಂದು ಸ್ಟೋರೇಜ್ ಪೆಟ್ಟಿಗೆ, ಬ್ಯಾಕಪ್ಪಿಗೊಂದು ಯಂತ್ರ, ಕೆಳಗೆ ಯುಪಿಎಸ್. ಯಂತ್ರಗಳು ಹೊಸವಾದರೂ ಅವುಗಳ ನಡುವಿನ ಜಾಲ ಬಹುಪಾಲು ಕಡೆ ಇಪ್ಪತ್ತೈದು ವರ್ಷ ಹಿಂದಿನ ವೇಗದಲ್ಲೇ ಉಳಿದಿದೆ. ಅದನ್ನು ಹೆಚ್ಚಿಸೋಣ ಎಂದು ಹೊರಟವರಿಗೆ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ಹೆಸರಾಂತ ಕಂಪನಿಯ ಹೊಚ್ಚ ಹೊಸ ಸ್ವಿಚ್ಚಿಗೆ ಸರ್ವರ್‌ಗಿಂತಲೂ ಹೆಚ್ಚು ದುಡ್ಡು ಸುರಿಯುವುದು ಒಂದು. ಬೆಲೆ ಕೇಳಿ ಬೆಚ್ಚಿ, ಇದ್ದುದರಲ್ಲೇ ಸುಧಾರಿಸುವುದು ಇನ್ನೊಂದು. ಎರಡೂ ದುಬಾರಿಯೇ: ಮೊದಲನೆಯದು ಹಣವನ್ನು ತಿನ್ನುತ್ತದೆ, ಎರಡನೆಯದು ಸಿಬ್ಬಂದಿಯ ಹೊತ್ತನ್ನು. ಇವೆರಡರ ನಡುವೆ ಸಣ್ಣ ಸಂಸ್ಥೆಯ ಕೈಗೆಟಕುವ ದಾರಿಯೊಂದಿದೆ. ದೊಡ್ಡ ಡೇಟಾ ಸೆಂಟರ್‌ಗಳು ದಾಟಿಹೋದ 10 ಗಿಗಾಬಿಟ್ ವೇಗವನ್ನು ರ‍್ಯಾಕ್‌ನ ಒಳಗಿನ ಕೆಲವೇ ಕೊಂಡಿಗಳಿಗೆ ಮಾತ್ರ ಅಳವಡಿಸುವುದು. ಸರ್ವರ್‌ನ ಜಾಲದ ಕಾರ್ಡುಗಳನ್ನು ಬಳಸಿದ ಸಾಮಾನಿನ ಹಳೆಯ ಮಾರುಕಟ್ಟೆಯಿಂದಲೂ ಸ್ವಿಚ್ಚನ್ನು ತಯಾರಕರ ಬೆಂಬಲ ಇನ್ನೂ ಜೀವಂತವಿರುವ ಹೊಸ ಮಾದರಿಗಳಿಂದಲೂ ಆರಿಸುವುದು. ಇದು ಬಡವರ ರಾಜಿಯಲ್ಲ, ಲೆಕ್ಕ ಹಾಕಿ ನೋಡಿದರೆ ಹೊರಡುವ ಉತ್ತರ ಎಂಬುದು ಈ ಲೇಖನದ ವಾದ.

ಮೊದಲು ಈಗಿರುವ ವೇಗದ ಮಿತಿಯನ್ನು ನೋಡೋಣ. ಸಾಮಾನ್ಯ ತಾಮ್ರದ ಕೇಬಲ್ ಮೇಲೆ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಈಥರ್ನೆಟ್ ಮಾನದಂಡ ಅಂಗೀಕಾರವಾಗಿದ್ದು 1999ರಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಭಾಗಿಸಿ, ಸಾಗಣೆಯ ಹೊದಿಕೆಯಂತಿರುವ ಮಾಹಿತಿಯನ್ನು ಕಳೆದರೆ ಸೆಕೆಂಡಿಗೆ ಸುಮಾರು 117 ಮೆಗಾಬೈಟ್ ಉಳಿಯುತ್ತದೆ. ಆ ಕಾಲದ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಇಪ್ಪತ್ತು ಮೂವತ್ತು ಮೆಗಾಬೈಟ್ ಓದಿದರೆ ಹೆಚ್ಚು. ಹಾಗಾಗಿ ಜಾಲ ಡಿಸ್ಕಿಗಿಂತ ಎಷ್ಟೋ ಮುಂದಿತ್ತು. ಈಗ ಲೆಕ್ಕ ತಿರುಗಿಬಿದ್ದಿದೆ. ಇಂದಿನ ಸಾಧಾರಣ ಹಾರ್ಡ್ ಡಿಸ್ಕ್ ಒಂದೇ ದೊಡ್ಡ ಕಡತವನ್ನು ಓದುವಾಗ 200 ಮೆಗಾಬೈಟ್ ದಾಟುತ್ತದೆ. ಸಾಟಾ ಎಸ್‌ಎಸ್‌ಡಿ 550ರ ಆಸುಪಾಸಿನಲ್ಲಿದೆ. ಎನ್‌ವಿಎಂಇ ಎಸ್‌ಎಸ್‌ಡಿ ಮೂರು ಸಾವಿರದ ಮೇಲೆ, ಹೊಸ ಮಾದರಿಗಳಲ್ಲಿ ಏಳು ಸಾವಿರವನ್ನೂ ದಾಟಿ ಹೋಗುತ್ತದೆ. ಕೆರೆ ಎಷ್ಟು ತುಂಬಿದ್ದರೂ ಗದ್ದೆಗೆ ಹರಿಯುವುದು ತೂಬು ಬಿಟ್ಟಷ್ಟೇ ನೀರು. ಸರ್ವರ್‌ಗಳ ನಡುವೆ ಆಗುತ್ತಿರುವುದೂ ಅದೇ. ಒಂದು ಟೆರಾಬೈಟ್ ಬ್ಯಾಕಪ್ ಒಂದು ಗಿಗಾಬಿಟ್ ಜಾಲದಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, 10 ಗಿಗಾಬಿಟ್ ಜಾಲದಲ್ಲಿ, ಡಿಸ್ಕ್‌ಗಳಿಗೆ ತಾಕತ್ತಿದ್ದರೆ, ಕಾಲು ಗಂಟೆಯೊಳಗೆ ಮುಗಿಯುತ್ತದೆ. ನಾಲ್ಕು ಟೆರಾಬೈಟ್ ಇದ್ದರೆ ಹಳೆಯ ಜಾಲದಲ್ಲಿ ರಾತ್ರಿ ಶುರುವಾದ ಬ್ಯಾಕಪ್ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೂ ಓಡುತ್ತಲೇ ಇರಬಹುದು.

ಹಾಗೆಂದು ಎಲ್ಲರಿಗೂ 10 ಗಿಗಾಬಿಟ್ ಬೇಕು ಎನ್ನುವಂತಿಲ್ಲ. ಕೆಲಸದ ಸ್ವರೂಪವೇ ಇದನ್ನು ನಿರ್ಧರಿಸುತ್ತದೆ. ಸಿನಿಮಾ ಎಡಿಟಿಂಗ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಆಪಲ್ ಪ್ರೊರೆಸ್ 422 ಎಚ್‌ಕ್ಯೂ ಮಾದರಿಯಲ್ಲಿ 4ಕೆ ದೃಶ್ಯ ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ಸುಮಾರು 707 ಮೆಗಾಬಿಟ್ ಬೇಕಾಗುತ್ತದೆ. ಗಂಟೆಗೆ 318 ಗಿಗಾಬೈಟ್. ಅಂದರೆ ಒಬ್ಬ ಎಡಿಟರ್ ಸರ್ವರ್‌ನಿಂದ ನೇರವಾಗಿ ಒಂದು ದೃಶ್ಯಸರಣಿ ಓಡಿಸಿದರೆ ಒಂದು ಗಿಗಾಬಿಟ್ ಕೊಂಡಿ ಬಹುತೇಕ ಭರ್ತಿ. ಎರಡು ಕ್ಯಾಮೆರಾದ ದೃಶ್ಯವನ್ನು ಒಟ್ಟಿಗೆ ನೋಡಬೇಕೆಂದರೆ ಚಿತ್ರ ತಡವರಿಸುತ್ತದೆ. 10 ಗಿಗಾಬಿಟ್ಟಿನಲ್ಲಿ ಇಂಥ ಹದಿಮೂರು ಸರಣಿಗಳಿಗೆ ಜಾಗವಿದೆ. ಇದಕ್ಕೆ ಪ್ರತಿಯಾಗಿ ಲೆಕ್ಕಪತ್ರದ ಸಾಫ್ಟ್‌ವೇರ್, ಹಾಜರಿ ವ್ಯವಸ್ಥೆ, ಗ್ರಂಥಾಲಯದ ಸೂಚಿ ಇಷ್ಟೇ ಇರುವ ಕಚೇರಿಗೆ ಒಂದು ಗಿಗಾಬಿಟ್ ಇಂದಿಗೂ ಧಾರಾಳ. ಸ್ಕ್ಯಾನಿಂಗ್ ಸೆಂಟರ್‌ನ ಒಂದು ಸಿಟಿ ಪರೀಕ್ಷೆ ಕೆಲವು ನೂರು ಮೆಗಾಬೈಟ್ ಇರಬಹುದು. ವೈದ್ಯರ ಮೇಜಿನವರೆಗೆ ಹಳೆಯ ಕೊಂಡಿಯೇ ಸಾಕು, ಆದರೆ ವರ್ಷಗಟ್ಟಲೆಯ ಸ್ಕ್ಯಾನ್‌ಗಳನ್ನು ಒಂದು ಸ್ಟೋರೇಜ್‌ನಿಂದ ಇನ್ನೊಂದಕ್ಕೆ ನಕಲು ಮಾಡುವ ಕೊಂಡಿಗೆ ಸಾಲದು. ಒಂದೇ ಕಟ್ಟಡದೊಳಗೂ ಅಗತ್ಯ ಹೀಗೆ ಕೊಂಡಿಯಿಂದ ಕೊಂಡಿಗೆ ಬೇರೆ. ಇಡೀ ಕಟ್ಟಡವನ್ನೇ ಮೇಲ್ದರ್ಜೆಗೇರಿಸುವ ಯೋಜನೆ ದುಬಾರಿಯಾಗುವುದು ಈ ವ್ಯತ್ಯಾಸವನ್ನು ಮರೆತಾಗ.

ಆದ್ದರಿಂದ ಕೊಟೇಶನ್ ತರಿಸುವ ಮೊದಲು ಅಳತೆ ಆಗಬೇಕು. ಇದಕ್ಕೆ ಖರ್ಚಿಲ್ಲ. ಐಪರ್ಫ್3 ಎಂಬ ಉಚಿತ ಸಾಫ್ಟ್‌ವೇರನ್ನು ಎರಡು ಯಂತ್ರಗಳಲ್ಲಿ ಓಡಿಸಿದರೆ ಡಿಸ್ಕನ್ನು ಮುಟ್ಟದೆ ಜಾಲದ ವೇಗವೊಂದನ್ನೇ ತೋರಿಸುತ್ತದೆ. ಆರೋಗ್ಯವಾಗಿರುವ ಗಿಗಾಬಿಟ್ ಕೊಂಡಿಯಲ್ಲಿ ಸುಮಾರು 941 ಮೆಗಾಬಿಟ್ ಬರಬೇಕು. ಅದಕ್ಕಿಂತ ತೀರಾ ಕಡಿಮೆ ಬಂದರೆ ತಪ್ಪಿರುವುದು ಕೇಬಲ್, ಅದರ ತುದಿಯ ಕನೆಕ್ಟರ್ ಅಥವಾ ಹಳೆಯ ಸ್ವಿಚ್‌ನಲ್ಲಿ. ಹೊಸ ಯಂತ್ರ ತಂದರೂ ಆ ದೋಷ ಅಲ್ಲೇ ಇರುತ್ತದೆ. 941 ಸರಿಯಾಗಿ ಬಂದು, ಕಡತ ನಕಲು ಮಾಡುವಾಗ ಮಾತ್ರ ವೇಗ 40 ಮೆಗಾಬೈಟ್‌ಗೆ ಇಳಿದರೆ ದೋಷ ಡಿಸ್ಕಿನದು, ಇಲ್ಲವೇ ಲಕ್ಷಾಂತರ ಚಿಕ್ಕ ಕಡತಗಳನ್ನು ಒಂದೊಂದಾಗಿ ತೆರೆದು ಮುಚ್ಚುವ ಕೆಲಸದ್ದು. ಅಲ್ಲೂ ವೇಗದ ಸ್ವಿಚ್ ಏನೂ ಮಾಡಲಾರದು. ನಕಲಿನ ವೇಗ 110 ಮೆಗಾಬೈಟ್ ಆಸುಪಾಸಿನಲ್ಲಿ ತಡೆದು ನಿಂತಿದ್ದರೆ, ಆಗಷ್ಟೇ ಜಾಲಕ್ಕೆ ಹಣ ಹಾಕುವುದು ಸಾರ್ಥಕ. ಒಂದು ಮಧ್ಯಾಹ್ನದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಖರೀದಿಗೆ ಇಳಿಯುವುದೇ ಸಣ್ಣ ಸಂಸ್ಥೆಗಳ ಅತಿ ದೊಡ್ಡ ದುಂದು.

ಅಳತೆ ಮುಗಿದು ಅಗತ್ಯ ಖಚಿತವಾಯಿತು ಎನ್ನೋಣ. ಹತ್ತೇ ಏಕೆ? ಉತ್ತರ ಮಾರುಕಟ್ಟೆಯ ಚರಿತ್ರೆಯಲ್ಲಿದೆ. 10 ಗಿಗಾಬಿಟ್ ಈಥರ್ನೆಟ್ ಮಾನದಂಡ ಬಂದದ್ದು 2002ರಲ್ಲಿ, ಮೊದಲಿಗೆ ಫೈಬರ್ ಮೇಲೆ. 2010ರಲ್ಲಿ 40 ಮತ್ತು 100 ಗಿಗಾಬಿಟ್ ಮಾನದಂಡಗಳು ಒಟ್ಟಿಗೆ ಬಂದವು. 40 ಎಂದರೆ ಹತ್ತರ ನಾಲ್ಕು ಓಣಿಗಳು. 2014ರಲ್ಲಿ ಗೂಗಲ್, ಮೈಕ್ರೊಸಾಫ್ಟ್, ಅರಿಸ್ಟಾ, ಬ್ರಾಡ್‌ಕಾಮ್ ಮತ್ತು ಮೆಲ್ಲನಾಕ್ಸ್ ಸೇರಿ ಒಂದೇ ಓಣಿಯಲ್ಲಿ 25 ಗಿಗಾಬಿಟ್ ಸಾಗಿಸುವ ಒಕ್ಕೂಟ ಕಟ್ಟಿದವು. 2016ರಲ್ಲಿ ಅದು ಅಧಿಕೃತ ಮಾನದಂಡವಾಯಿತು. ನಾಲ್ಕು ಓಣಿ ಸೇರಿದರೆ 100. ದೊಡ್ಡ ಡೇಟಾ ಸೆಂಟರ್‌ಗಳು ಈ ಹಾದಿ ಹಿಡಿದಾಗ 10 ಮತ್ತು 40ರ ಕಾರ್ಡು, ಸ್ವಿಚ್ಚುಗಳು ರಾಶಿ ರಾಶಿಯಾಗಿ ಹಳೆಯ ಮಾರುಕಟ್ಟೆಗೆ ಬಂದವು. ಅವು ಕೆಟ್ಟು ಹೊರಬಿದ್ದವಲ್ಲ, ಲೆಕ್ಕದ ಪುಸ್ತಕದಲ್ಲಿ ಆಯುಸ್ಸು ಮುಗಿದು ಹೊರಬಿದ್ದವು. ಆ ಆಯುಸ್ಸು ಎಷ್ಟು ಸಡಿಲವಾದದ್ದು ಎಂಬುದಕ್ಕೆ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ನಡೆಯೇ ಸಾಕ್ಷಿ. 2023ರ ಆರಂಭದಲ್ಲಿ ಅದು ಸರ್ವರ್‌ಗಳ ಬಾಳಿಕೆಯ ಲೆಕ್ಕವನ್ನು ನಾಲ್ಕರಿಂದ ಆರು ವರ್ಷಕ್ಕೂ, ಕೆಲವು ಜಾಲ ಉಪಕರಣಗಳದ್ದನ್ನು ಐದರಿಂದ ಆರಕ್ಕೂ ಏರಿಸಿತು. ಆ ಒಂದು ವರ್ಷದಲ್ಲೇ ಸವಕಳಿ ವೆಚ್ಚ ಸುಮಾರು 340 ಕೋಟಿ ಡಾಲರ್ ತಗ್ಗುವುದೆಂದು ಅಂದಾಜಿಸಿತು. ಜಗತ್ತಿನ ಅತಿ ದೊಡ್ಡ ಬಳಕೆದಾರರೇ ಯಂತ್ರವನ್ನು ಹೆಚ್ಚು ಕಾಲ ದುಡಿಸಿಕೊಳ್ಳುವಾಗ ಸಣ್ಣ ಸಂಸ್ಥೆ ಹೊಸದರ ಹಿಂದೆ ಓಡಬೇಕಾದ ಕಾರಣ ಕಾಣದು. 40 ಗಿಗಾಬಿಟ್ ಮಾತ್ರ ಕವಲುದಾರಿಯಲ್ಲಿ ಉಳಿದ ಮಾನದಂಡ. ಬೆಲೆ ಎಷ್ಟೇ ಅಗ್ಗವಾದರೂ ಅದರ ದಪ್ಪ ಕೇಬಲ್ ಮತ್ತು ಬೇರೆ ಗಾತ್ರದ ಪೋರ್ಟು ಮುಂದಿನ ಬೆಳವಣಿಗೆಗೆ ಅಷ್ಟಾಗಿ ಹೊಂದುವುದಿಲ್ಲ. ಹತ್ತರ ಪೋರ್ಟ್ ಹಾಗಲ್ಲ: 25ರ ಪೋರ್ಟಿನದೂ ಅದೇ ಗಾತ್ರ, ಬಹುಪಾಲು 25ರ ಕಾರ್ಡುಗಳು ಹತ್ತರ ವೇಗದಲ್ಲೂ ಓಡುತ್ತವೆ.

ಮುಂದಿನ ಆಯ್ಕೆ ಪೋರ್ಟಿನದು. ಹತ್ತರ ವೇಗ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಎಲ್ಲರಿಗೂ ಪರಿಚಿತವಾದ ಆರ್‌ಜೆ45 ತಾಮ್ರದ ಪೋರ್ಟು. ಇನ್ನೊಂದು, ಎಸ್‌ಎಫ್‌ಪಿ ಪ್ಲಸ್ ಎಂಬ ಚಿಕ್ಕ ಗೂಡು. ಅದರೊಳಗೆ ಫೈಬರ್ ಮಾಡ್ಯೂಲನ್ನೋ, ಎರಡೂ ತುದಿಗೆ ಕನೆಕ್ಟರ್ ಕೂಡಿಸಿಯೇ ಬರುವ ಡ್ಯಾಕ್ ಎಂಬ ತಾಮ್ರದ ಕೇಬಲನ್ನೋ ಚುಚ್ಚಬಹುದು. ಆರ್‌ಜೆ45 ಕಣ್ಣಿಗೆ ಸುಲಭ. ಆದರೆ ತಿರುಚಿದ ತಂತಿಯ ಮೇಲೆ ಅಷ್ಟು ವೇಗ ಸಾಗಿಸಲು ಒಳಗಿನ ಚಿಪ್ ಭಾರಿ ಲೆಕ್ಕಾಚಾರ ಮಾಡಬೇಕಾಗುತ್ತದೆ; ಪ್ರತಿ ಪೋರ್ಟಿಗೂ ಎರಡು ಮೂರು ವ್ಯಾಟ್, ಹಳೆಯ ಚಿಪ್‌ಗಳಲ್ಲಿ ಅದಕ್ಕೂ ಹೆಚ್ಚು ವಿದ್ಯುತ್ ಹೋಗುತ್ತದೆ. ಡ್ಯಾಕ್ ಕೇಬಲ್ಲಿಗೆ ಬೇಕಾದ್ದು ಒಂದು ವ್ಯಾಟ್‌ನ ಸಣ್ಣ ಭಾಗ. ಅಲ್ಲಿ ಬೆಳಕಿನ ಮಾಡ್ಯೂಲೂ ಇಲ್ಲ, ಬಿಸಿಯಾಗುವ ಚಿಪ್ಪೂ ಇಲ್ಲ, ಹಾಗಾಗಿ ಕೆಡುವ ಭಾಗಗಳೂ ಕಡಿಮೆ. ಐದು ಮೀಟರಿನೊಳಗಿನ ದೂರಕ್ಕೆ ಅದಕ್ಕಿಂತ ಅಗ್ಗದ, ಗಟ್ಟಿಯಾದ ಕೊಂಡಿ ಇಲ್ಲ. ಸಣ್ಣ ರ‍್ಯಾಕ್‌ನೊಳಗೆ ಎರಡು ಮೀಟರ್ ದಾಟುವುದೇ ಅಪರೂಪ. ರ‍್ಯಾಕ್‌ನಿಂದ ದೂರದ ಕೋಣೆಗೆ ಹೋಗಬೇಕಾದರೆ ಫೈಬರ್ ಒಳ್ಳೆಯದು. ಓಎಂ3 ದರ್ಜೆಯ ಫೈಬರಿನಲ್ಲಿ ಹತ್ತರ ವೇಗ 300 ಮೀಟರ್ ಹೋಗುತ್ತದೆ, ಸಿಡಿಲು ಮಳೆಯ ಕಾಲದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ವಿದ್ಯುತ್ ಆಘಾತವನ್ನೂ ದಾಟಿಸುವುದಿಲ್ಲ. ಗೋಡೆಯೊಳಗೆ ಈಗಾಗಲೇ ಇರುವ ಕ್ಯಾಟ್ 6 ಕೇಬಲ್ ಹತ್ತರ ವೇಗವನ್ನು ಹೆಚ್ಚೆಂದರೆ 55 ಮೀಟರ್ ಒಯ್ಯಬಲ್ಲದು. ಪೂರ್ತಿ ನೂರು ಮೀಟರಿಗೆ ಕ್ಯಾಟ್ 6ಎ ಬೇಕು.

ವ್ಯಾಟ್ ಲೆಕ್ಕ ಕೇಳಿದರೆ ಜುಜುಬಿ ಎನಿಸಬಹುದು. ಆದರೆ ರ‍್ಯಾಕ್ ವರ್ಷದ 8,760 ಗಂಟೆಯೂ ಓಡುತ್ತದೆ. ಹಳೆಯ ಮಾರುಕಟ್ಟೆಯಲ್ಲಿ ಎಲ್ಲರ ಕಣ್ಣು ಹೋಗುವುದು ಡೇಟಾ ಸೆಂಟರ್‌ನಿಂದ ಇಳಿದುಬಂದ 48 ಪೋರ್ಟಿನ ದೊಡ್ಡ ಸ್ವಿಚ್ ಮೇಲೆ: ಅಷ್ಟು ಪೋರ್ಟ್, ಇಷ್ಟೇ ಬೆಲೆ! ಅಂಥದ್ದೊಂದು 150 ವ್ಯಾಟ್ ಎಳೆಯುತ್ತದೆ, ಎಂಟು ಪೋರ್ಟಿನ ಫ್ಯಾನ್ ಇಲ್ಲದ ಚಿಕ್ಕ ಸ್ವಿಚ್ 20 ವ್ಯಾಟ್ ಎಳೆಯುತ್ತದೆ ಎಂದು ಹಿಡಿಯೋಣ. ವ್ಯತ್ಯಾಸ 130 ವ್ಯಾಟ್. ವರ್ಷಕ್ಕೆ ಸುಮಾರು 1,140 ಯೂನಿಟ್. ಆ ಶಾಖವನ್ನು ಹೊರಹಾಕಲು ಎ.ಸಿ. ಇನ್ನೂ ಮೂರನೇ ಒಂದು ಭಾಗದಷ್ಟು ವಿದ್ಯುತ್ ಬಳಸಿದರೆ 1,500 ದಾಟುತ್ತದೆ. ಯೂನಿಟ್‌ಗೆ 8 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ 12 ಸಾವಿರ, ಐದು ವರ್ಷಕ್ಕೆ 60 ಸಾವಿರ ರೂಪಾಯಿ. ಅಗ್ಗವೆಂದು ತಂದ ಯಂತ್ರದ ನಿಜವಾದ ಬೆಲೆ ಇದು. ಇದರ ಜೊತೆಗೆ ಯುಪಿಎಸ್ ಬ್ಯಾಟರಿ ಬೇಗ ಬರಿದಾಗುವುದು, ಪಕ್ಕದ ಕೋಣೆಯಲ್ಲಿ ಕೂತವರಿಗೂ ಕೇಳುವ ಫ್ಯಾನಿನ ಅಬ್ಬರ. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಬೇಸಿಗೆಯಲ್ಲಿ ಹೊರಗಿನ ತಾಪಮಾನ 40 ಡಿಗ್ರಿ ದಾಟುವಾಗ, ಕರೆಂಟು ಹೋಗಿ ಎ.ಸಿ. ನಿಂತ ಅರ್ಧ ಗಂಟೆಯಲ್ಲಿ ರ‍್ಯಾಕ್ ತಾಳಿಕೊಳ್ಳುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದರೊಳಗಿನ ಒಟ್ಟು ವ್ಯಾಟ್. ನಲವತ್ತೆಂಟು ಪೋರ್ಟಿನಲ್ಲಿ ಆರನ್ನು ಬಳಸುವ ಸಂಸ್ಥೆ ಉಳಿದ ನಲವತ್ತೆರಡಕ್ಕೂ ಬಾಡಿಗೆ ಕಟ್ಟಿದಂತೆಯೇ.

ಕಾರ್ಡಿನ ವಿಷಯದಲ್ಲಿ ಹಳೆಯ ಮಾರುಕಟ್ಟೆ ಹೆಚ್ಚು ನಂಬಬಹುದಾದದ್ದು. ಸರ್ವರ್‌ಗೆ ಹಾಕುವ ಜಾಲದ ಕಾರ್ಡಿನಲ್ಲಿ ಬಹುಪಾಲು ಓಡಾಡುವ ಭಾಗಗಳಿಲ್ಲ, ಹಳೆಯ ಮಾಲೀಕರ ಕಡತಗಳೂ ಉಳಿದಿರುವುದಿಲ್ಲ. ಇಂಟೆಲ್‌ನ ಎಕ್ಸ್520, ಮೆಲ್ಲನಾಕ್ಸ್‌ನ ಕನೆಕ್ಟ್‌ಎಕ್ಸ್-3 ಈ ಮಾರುಕಟ್ಟೆಯ ಹಳೆಯ ಹುಲಿಗಳು. ಇಲ್ಲಿ ನೋಡಬೇಕಾದ್ದು ಮೂರು. ಮೊದಲನೆಯದು ಡ್ರೈವರ್ ಬೆಂಬಲ. ಕನೆಕ್ಟ್‌ಎಕ್ಸ್-3 ಲಿನಕ್ಸ್‌ನಲ್ಲಿ ಓಡುತ್ತದೆ, ಆದರೆ ವಿಎಂವೇರ್‌ನ ಇಎಸ್‌ಎಕ್ಸ್‌ಐ 8ನೇ ಆವೃತ್ತಿ ಅದನ್ನು ಕೈಬಿಟ್ಟಿದೆ. ಯಾವ ಆಪರೇಟಿಂಗ್ ಸಿಸ್ಟಂ ಹಾಕುತ್ತೇವೆ ಎಂಬುದು ಗೊತ್ತಿಲ್ಲದೆ ಕಾರ್ಡ್ ಕೊಳ್ಳಬಾರದು. ಎರಡನೆಯದು ಮದರ್‌ಬೋರ್ಡಿನ ಸ್ಲಾಟ್. ಎಕ್ಸ್520 ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಎಂಟು ಓಣಿ ಕೇಳುತ್ತದೆ. ಅದನ್ನು ನಾಲ್ಕು ಓಣಿಯ ಸ್ಲಾಟಿಗೆ ಹಾಕಿದರೆ ಒಂದು ಪೋರ್ಟ್ ಪೂರ್ಣ ವೇಗದಲ್ಲಿ ಓಡೀತು, ಎರಡೂ ಓಡವು. ಮೂರನೆಯದು ಮಾಡ್ಯೂಲ್ ಬೀಗ. ಎಕ್ಸ್520ರ ಲಿನಕ್ಸ್ ಡ್ರೈವರ್ ಬೇರೆ ಕಂಪನಿಯ ಫೈಬರ್ ಮಾಡ್ಯೂಲನ್ನು ಒಪ್ಪಬೇಕಾದರೆ ಒಂದು ಆಯ್ಕೆಯನ್ನು ಬದಲಿಸಬೇಕು. ಮಾನದಂಡಕ್ಕೆ ಹೊಂದುವ ಡ್ಯಾಕ್ ಕೇಬಲ್‌ಗಳಿಗೆ ಆ ತಕರಾರಿಲ್ಲ. ತುಸು ಹೆಚ್ಚು ಕೊಡಬಲ್ಲವರಿಗೆ ಇಂಟೆಲ್‌ನ ಎಕ್ಸ್710 ಅಥವಾ 25 ಗಿಗಾಬಿಟ್ಟಿನ ಕನೆಕ್ಟ್‌ಎಕ್ಸ್-4 ಎಲ್‌ಎಕ್ಸ್ ಇನ್ನೂ ಒಳ್ಳೆಯ ಆಯ್ಕೆ: ಡ್ರೈವರ್ ಬೆಂಬಲದ ಆಯುಸ್ಸು ಉದ್ದ, ವಿದ್ಯುತ್ ಬಳಕೆಯೂ ಹತೋಟಿಯಲ್ಲಿ.

ಇನ್ನು ಸ್ವಿಚ್ಚು. ಅದು ಬೇಕೇ ಬೇಕೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಒಂದು ಸರ್ವರ್, ಒಂದು ಬ್ಯಾಕಪ್ ಯಂತ್ರ ಇಷ್ಟೇ ಇದ್ದರೆ ಎರಡಕ್ಕೂ ತಲಾ ಒಂದು ಕಾರ್ಡ್ ಹಾಕಿ ಮಧ್ಯೆ ಒಂದು ಡ್ಯಾಕ್ ಕೇಬಲ್ ಎಳೆದರೆ ಮುಗಿಯಿತು. ಮೂರು ಸರ್ವರ್ ಇದ್ದರೂ ಎರಡು ಪೋರ್ಟಿನ ಮೂರು ಕಾರ್ಡು, ಮೂರು ಕೇಬಲ್ಲಿನಿಂದ ಪ್ರತಿಯೊಂದನ್ನೂ ಪ್ರತಿಯೊಂದಕ್ಕೆ ನೇರವಾಗಿ ಬೆಸೆಯಬಹುದು. ಹತ್ತರ ವೇಗವನ್ನೇ ಕನಿಷ್ಠವೆಂದು ಶಿಫಾರಸು ಮಾಡುವ ಸೆಫ್ ಎಂಬ ಹಂಚಿಕೆಯ ಸ್ಟೋರೇಜ್ ಸಾಫ್ಟ್‌ವೇರನ್ನು ಪ್ರಾಕ್ಸ್‌ಮಾಕ್ಸ್ ಎಂಬ ವರ್ಚುವಲೈಸೇಶನ್ ವೇದಿಕೆಯ ಮೂರು ಸರ್ವರಿನ ಕೂಟದಲ್ಲಿ ಹೀಗೆ ಸ್ವಿಚ್ ಇಲ್ಲದೆ ನಡೆಸುವ ವಿಧಾನವನ್ನು ಪ್ರಾಕ್ಸ್‌ಮಾಕ್ಸ್‌ನವರೇ ವಿವರವಾಗಿ ಬರೆದಿಟ್ಟಿದ್ದಾರೆ. ನಾಲ್ಕನೆಯ ಯಂತ್ರ ಬಂದಾಗ ಸ್ವಿಚ್ ಅನಿವಾರ್ಯ. ಆಗಲೂ ಬೇಕಾದ್ದು ಎಂಟು ಎಸ್‌ಎಫ್‌ಪಿ ಪ್ಲಸ್ ಪೋರ್ಟಿನದು. ಲಾಟ್ವಿಯಾದ ಮೈಕ್ರೊಟಿಕ್ ಕಂಪನಿಯ ನಾಲ್ಕು ಪೋರ್ಟಿನ ಸಿಆರ್‌ಎಸ್305, ಎಂಟು ಪೋರ್ಟಿನ ಸಿಆರ್‌ಎಸ್309ರಂಥ ಫ್ಯಾನ್ ಇಲ್ಲದ ಮಾದರಿಗಳು ಈ ವರ್ಗದ ಬೆಲೆಯನ್ನೇ ಕೆಳಗಿಳಿಸಿವೆ. ಅವುಗಳ ಜೊತೆ ಸ್ಪರ್ಧಿಸುವ ಬೇರೆ ಕಂಪನಿಗಳೂ ಇವೆ. ಕಚೇರಿಯ ಮೇಜಿನ ಕಂಪ್ಯೂಟರ್‌ಗಳಿಗೆ ಈಗಿರುವ ಗಿಗಾಬಿಟ್ ಸ್ವಿಚ್ ಹಾಗೇ ಇರಲಿ. ಅದರಲ್ಲಿ ಎರಡು ಎಸ್‌ಎಫ್‌ಪಿ ಪ್ಲಸ್ ಪೋರ್ಟ್ ಇದ್ದರೆ ಒಂದನ್ನು ರ‍್ಯಾಕ್‌ನ ಹೊಸ ಸ್ವಿಚ್ಚಿಗೆ ಜೋಡಿಸಿದರಾಯಿತು. ಹತ್ತು ಜನ ಒಟ್ಟಿಗೆ ಕಡತ ತೆಗೆದರೂ ಸರ್ವರ್ ಬಾಗಿಲಲ್ಲಿ ನೂಕುನುಗ್ಗಲು ಆಗುವುದಿಲ್ಲ.

ಈ ವಾದಕ್ಕೆ ಬರುವ ಅತಿ ಗಂಭೀರ ಆಕ್ಷೇಪ ಸುರಕ್ಷತೆಯದು. ಹಳೆಯ ಉಪಕರಣ ಎಂದರೆ ಹಳೆಯ ದೋಷ, ಅದನ್ನು ರೋಗಿಗಳ ದಾಖಲೆ ಇರುವ ಜಾಗಕ್ಕೆ ತರಬಹುದೆ? ಆಕ್ಷೇಪಕ್ಕೆ ಪುರಾವೆಯೂ ಇದೆ. ಸಿಸ್ಕೊ ಸ್ವಿಚ್ಚುಗಳ ಸ್ಮಾರ್ಟ್ ಇನ್‌ಸ್ಟಾಲ್ ಸೌಲಭ್ಯದಲ್ಲಿದ್ದ ದೋಷಕ್ಕೆ 2018ರಲ್ಲೇ ಪರಿಹಾರ ಬಂದಿತ್ತು. ಆದರೂ ಅದನ್ನು ಹಾಕಿಕೊಳ್ಳದ, ಬೆಂಬಲ ಮುಗಿದ ಯಂತ್ರಗಳ ಮೂಲಕ ರಷ್ಯಾದ ಗುಪ್ತಚರ ಸಂಸ್ಥೆಗೆ ಸೇರಿದ ಹ್ಯಾಕರ್‌ಗಳು ನುಸುಳುತ್ತಿದ್ದಾರೆಂದು ಅಮೆರಿಕದ ಎಫ್‌ಬಿಐ 2025ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಸುರಕ್ಷತಾ ಕಂಪನಿ ಈಸೆಟ್ 2023ರಲ್ಲಿ ಹಳೆಯ ಮಾರುಕಟ್ಟೆಯಿಂದ 18 ರೂಟರ್ ಕೊಂಡು ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಿಂದಿನ ಮಾಲೀಕರ ಸೂಕ್ಷ್ಮ ಮಾಹಿತಿ ಹಾಗೆಯೇ ಇತ್ತು. ನಕಲಿ ಸಿಸ್ಕೊ ಉಪಕರಣಗಳನ್ನು ಆಸ್ಪತ್ರೆ, ಶಾಲೆ, ಸೇನೆಯವರೆಗೂ ಮುಟ್ಟಿಸಿದ ವ್ಯಾಪಾರಿಯೊಬ್ಬನಿಗೆ ಅಮೆರಿಕದ ನ್ಯಾಯಾಲಯ 2024ರಲ್ಲಿ ಆರೂವರೆ ವರ್ಷ ಜೈಲು ವಿಧಿಸಿತು. ಈ ಮೂರನ್ನೂ ಅಲ್ಲಗಳೆಯಲಾಗದು. ಆದರೆ ಮೂರೂ ಬೆರಳು ಮಾಡುವುದು ಸ್ವಿಚ್ ಮತ್ತು ರೂಟರ್ ಕಡೆಗೆ. ಅವು ತಮ್ಮದೇ ಆಪರೇಟಿಂಗ್ ಸಿಸ್ಟಂ, ಪಾಸ್‌ವರ್ಡ್, ದಾಖಲೆಗಳಿರುವ ಕಂಪ್ಯೂಟರ್‌ಗಳು. ಆದ್ದರಿಂದಲೇ ಹಳೆಯದು ಕಾರ್ಡಿಗೆ ಸರಿ, ಸ್ವಿಚ್ಚಿಗೆ ಹೊಸದೇ ಇರಲಿ ಎಂಬ ಗೆರೆ ಎಳೆದದ್ದು.

ಹೊಸದನ್ನು ತಂದ ಮಾತ್ರಕ್ಕೆ ಕೆಲಸ ಮುಗಿಯದು ಎಂಬುದನ್ನೂ ಒಪ್ಪಬೇಕು. ಮೈಕ್ರೊಟಿಕ್‌ನ ಸಾಫ್ಟ್‌ವೇರಿನಲ್ಲೇ 2018ರಲ್ಲಿ ದೊಡ್ಡ ದೋಷವೊಂದು ಸಿಕ್ಕಿತ್ತು. ತಿದ್ದುಪಡಿ ಅದೇ ವರ್ಷ ಬಂದರೂ ಹಾಕಿಕೊಳ್ಳದವರ ರೂಟರ್‌ಗಳು 2021ರಲ್ಲಿ ಮೆರಿಸ್ ಎಂಬ ದಾಳಿಜಾಲದಲ್ಲಿ ದುಡಿದವು. ಪಾಠ ಸ್ಪಷ್ಟ: ಕಾಪಾಡುವುದು ಬ್ರ್ಯಾಂಡ್ ಅಲ್ಲ, ತಿದ್ದುಪಡಿ ಬರುತ್ತಿರುವುದು ಮತ್ತು ಅದನ್ನು ಹಾಕುವವರು ಇರುವುದು. ಸ್ವಿಚ್ಚಿನ ನಿರ್ವಹಣಾ ಪುಟವನ್ನು ಇಂಟರ್‌ನೆಟ್‌ಗೆ ತೆರೆಯದೆ ಪ್ರತ್ಯೇಕ ಜಾಲದಲ್ಲಿಡುವುದು, ತಿಂಗಳಿಗೊಮ್ಮೆ ಹೊಸ ಫರ್ಮ್‌ವೇರ್ ಬಂದಿದೆಯೇ ನೋಡುವುದು ಯಾವ ಬೆಲೆಯ ಯಂತ್ರಕ್ಕಾದರೂ ತಪ್ಪದ ಕೆಲಸ. ವಾರಂಟಿಯ ಆಕ್ಷೇಪಕ್ಕೂ ಸರಳ ಉತ್ತರವಿದೆ. ಹಳೆಯ ಕಾರ್ಡಿಗೆ ವಾರಂಟಿ ಸಿಗದಿದ್ದರೆ ಒಂದನ್ನು ಹೆಚ್ಚು ಕೊಂಡು ಕಪಾಟಿನಲ್ಲಿಡಿ. ವಾರಂಟಿಯ ಬದಲಿ ಭಾಗ ಬರಲು ಕಾಯುವ ದಿನಗಳ ಮುಂದೆ, ಹತ್ತು ನಿಮಿಷದಲ್ಲಿ ಬದಲಿಸಬಹುದಾದ ಬಿಡಿಭಾಗವೇ ಮೇಲು.

ಎರಡನೆಯ ಆಕ್ಷೇಪ ಮುಂದಾಲೋಚನೆಯದು: ಹೇಗೂ ಖರ್ಚು ಮಾಡುವಾಗ 25 ಅಥವಾ 100 ಗಿಗಾಬಿಟ್ ಹಾಕಿಬಿಟ್ಟರೆ ಹತ್ತು ವರ್ಷ ನಿಶ್ಚಿಂತೆಯಲ್ಲವೇ? ಸಂಗತಿ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ನಾಲ್ಕು ಪೋರ್ಟಿನ 100 ಗಿಗಾಬಿಟ್ ಸ್ವಿಚ್‌ಗಳೂ ಈಗ ಸಣ್ಣ ಗಾತ್ರದಲ್ಲಿ ಬರುತ್ತಿವೆ. ಎನ್‌ವಿಎಂಇ ಡಿಸ್ಕ್‌ಗಳ ಸಾಲೇ ಇರುವ ಸ್ಟೋರೇಜ್, ಹಲವು ಜಿಪಿಯು ಸರ್ವರ್‌ಗಳ ನಡುವೆ ಕೃತಕ ಬುದ್ಧಿಮತ್ತೆಯ ತರಬೇತಿ ನಡೆಸುವ ಸಂಶೋಧನಾಲಯ ಇದ್ದರೆ ಅದೇ ಸರಿ. ಆದರೆ ಹಾರ್ಡ್ ಡಿಸ್ಕ್‌ಗಳ ಸ್ಟೋರೇಜ್ ಇರುವವರ ಮಾತು ಬೇರೆ. ಎಂಟು ಡಿಸ್ಕ್ ಸೇರಿ ಒಂದೇ ದೊಡ್ಡ ಕಡತವನ್ನು ಓದಿದಾಗ ಬರುವ ವೇಗ ಹತ್ತರ ಕೊಂಡಿಯನ್ನು ತುಂಬಿಸುತ್ತದೆಯಷ್ಟೆ. ಚದುರಿದ ಕಡತಗಳಾದರೆ ಅದರ ಹತ್ತಿರಕ್ಕೂ ಬಾರದು. ಅಂಥ ಕಡೆ 100ರ ಕೊಂಡಿ ಖಾಲಿಯೇ ಬಿದ್ದಿರುತ್ತದೆ. ಜಾಲದ ಉಪಕರಣದ ಬೆಲೆ ಕಾಲದೊಡನೆ ಇಳಿಯುವ ಜಾತಿಯದು. ಐದು ವರ್ಷದ ಮುಂದಿನ ಅಗತ್ಯಕ್ಕೆ ಇಂದಿನ ಬೆಲೆ ತೆರುವುದು ನಷ್ಟದ ವ್ಯಾಪಾರ. ಮುಂದಾಲೋಚನೆ ಮಾಡಲೇಬೇಕೆಂದರೆ ಅದನ್ನು ಬದಲಿಸಲು ಕಷ್ಟವಾದ ಕಡೆ ಮಾಡಿ: ಗೋಡೆ, ನೆಲದಡಿ ಎಳೆಯುವ ಫೈಬರ್ ಒಳ್ಳೆಯ ದರ್ಜೆಯದಿರಲಿ, ಒಂದೆರಡು ಎಳೆ ಹೆಚ್ಚೇ ಇರಲಿ. ಸ್ವಿಚ್ಚನ್ನು ಒಂದು ಗಂಟೆಯಲ್ಲಿ ಬದಲಿಸಬಹುದು, ಗೋಡೆಯನ್ನು ಬದಲಿಸಲಾಗದು.

ಇದಕ್ಕೆ ತದ್ವಿರುದ್ಧ ದಿಕ್ಕಿನಿಂದಲೂ ಆಕ್ಷೇಪವಿದೆ. ಸರ್ವರ್‌ನಲ್ಲಿ ಈಗಾಗಲೇ ನಾಲ್ಕು ಗಿಗಾಬಿಟ್ ಪೋರ್ಟ್ ಇವೆಯಲ್ಲ, ಅವನ್ನೇ ಒಟ್ಟು ಕಟ್ಟಿದರೆ ನಾಲ್ಕು ಗಿಗಾಬಿಟ್ ಆಗದೆ? ಕಾಗದದ ಮೇಲೆ ಆಗುತ್ತದೆ. ಆದರೆ ಪೋರ್ಟುಗಳನ್ನು ಒಟ್ಟುಗೂಡಿಸುವ ಎಲ್‌ಎಸಿಪಿ ವಿಧಾನದಲ್ಲಿ ಒಂದು ಸಂಪರ್ಕ ಒಂದೇ ತಂತಿಯಲ್ಲಿ ಸಾಗುತ್ತದೆ. ಹಲವು ಜನ ಒಟ್ಟಿಗೆ ಬಳಸುವಾಗ ಅನುಕೂಲ. ಒಂದು ಬ್ಯಾಕಪ್, ಒಬ್ಬ ಎಡಿಟರ್, ಒಂದು ದೊಡ್ಡ ನಕಲು ಮಾತ್ರ ಒಂದು ಗಿಗಾಬಿಟ್‌ನಲ್ಲೇ ತೆವಳುತ್ತದೆ. ವೇಗ ಬೇಕಾಗಿದ್ದು ಇಂಥ ಕೆಲಸಕ್ಕೇ. 2.5 ಗಿಗಾಬಿಟ್ ಇದಕ್ಕಿಂತ ಒಳ್ಳೆಯ ನಡುದಾರಿ. 2016ರ ಈ ಮಾನದಂಡವನ್ನು ರೂಪಿಸಿದ್ದೇ ಕಟ್ಟಡಗಳಲ್ಲಿ ಈಗಾಗಲೇ ಇರುವ ಕ್ಯಾಟ್ 5ಇ ಕೇಬಲ್‌ಗಾಗಿ. ಸೆಕೆಂಡಿಗೆ ಸುಮಾರು 290 ಮೆಗಾಬೈಟ್, ಅಂದರೆ ಒಂದು ಹಾರ್ಡ್ ಡಿಸ್ಕ್‌ನ ಪೂರ್ಣ ವೇಗ ಸಿಗುತ್ತದೆ. ಗೋಡೆ ಒಡೆಯದೆ ಮೇಜಿನ ಕಂಪ್ಯೂಟರ್‌ಗಳ ವೇಗ ಹೆಚ್ಚಿಸಲು ಇದು ತಕ್ಕದ್ದು. ರ‍್ಯಾಕ್‌ನೊಳಗೆ ಮಾತ್ರ, ಡ್ಯಾಕ್ ಕೇಬಲ್ ಇಷ್ಟು ಅಗ್ಗವಿರುವಾಗ, ಹತ್ತನ್ನು ಬಿಟ್ಟು ಎರಡೂವರೆಗೆ ನಿಲ್ಲುವ ಕಾರಣವಿಲ್ಲ. ಎಲ್ಲವನ್ನೂ ಕ್ಲೌಡ್‌ಗೆ ಕಳಿಸಿಬಿಡಿ ಎನ್ನುವವರೂ ಇದ್ದಾರೆ. ಇಮೇಲು, ವೆಬ್‌ಸೈಟುಗಳಿಗೆ ಅದು ಒಪ್ಪುವ ಮಾತು. ಆದರೆ ಅಮೆಜಾನ್‌ನ ಕ್ಲೌಡ್‌ನಿಂದ ಡೇಟಾ ಹೊರತೆಗೆಯಲು ಮೊದಲ ಹಂತದಲ್ಲಿ ಗಿಗಾಬೈಟ್‌ಗೆ ಸುಮಾರು 9 ಸೆಂಟ್ ದರವಿದೆ. ಒಂದು ಟೆರಾಬೈಟ್ ವಾಪಸ್ ತರಲು 90 ಡಾಲರ್. ದಿನವೂ ನೂರಾರು ಗಿಗಾಬೈಟ್ ಓಡಾಡುವ ಸ್ಟುಡಿಯೊಗೆ ಈ ಲೆಕ್ಕ ಕೂಡುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳು ದುಬಾರಿ ಖರೀದಿಗೆ ಬೀಳುವುದು ಟೆಂಡರ್ ಬರೆಯುವ ರೀತಿಯಿಂದ. ಖರೀದಿಯ ವಿವರಣೆ ಕಾರ್ಯವನ್ನು ಆಧರಿಸಿರಬೇಕು, ಅಳೆಯುವಂತಿರಬೇಕು, ನಿರ್ದಿಷ್ಟ ಬ್ರ್ಯಾಂಡನ್ನು ಸೂಚಿಸಬಾರದು ಎಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಹೇಳುತ್ತವೆ. ಜಾಲದ ಉಪಕರಣಕ್ಕೆ ಈ ತತ್ವವನ್ನು ಅನ್ವಯಿಸುವುದು ಕಷ್ಟವೇನಲ್ಲ, ಏಕೆಂದರೆ ಈಥರ್ನೆಟ್ ಇಂದಿಗೂ ಮುಕ್ತ ಮಾನದಂಡ. ಎಸ್‌ಎಫ್‌ಪಿ ಪ್ಲಸ್ ಗೂಡಿನ ಅಳತೆಯನ್ನೂ ಹಲವು ತಯಾರಕರು ಕೂಡಿಯೇ ನಿಗದಿ ಮಾಡಿದ್ದಾರೆ. ಇಷ್ಟಾದರೂ ಕೆಲವು ಕಂಪನಿಗಳು ಮಾಡ್ಯೂಲಿನೊಳಗೆ ಬರೆದ ಗುರುತನ್ನು ಓದಿ, ತಮ್ಮದಲ್ಲದಿದ್ದರೆ ಪೋರ್ಟನ್ನೇ ಮುಚ್ಚುತ್ತವೆ. ಟೆಂಡರ್‌ನಲ್ಲಿ ‘ಇತರ ತಯಾರಕರ ಮಾಡ್ಯೂಲ್‌ಗಳನ್ನು ಸ್ವೀಕರಿಸಬೇಕು’ ಎಂಬ ಒಂದು ಸಾಲು ಸೇರಿಸಿದರೆ ಆ ಬೀಗಕ್ಕೆ ಕೀಲಿ ಸಿಕ್ಕಂತೆ. ಹಳೆಯ ಕಾರ್ಡುಗಳಿಗೂ ಕಾನೂನಿನ ಚೌಕಟ್ಟಿದೆ: 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ದುರಸ್ತಿ ಮಾಡಿ ಮರುಮಾರಾಟ ಮಾಡುವವರ ನೋಂದಣಿಗೆ ಅವಕಾಶ ಕೊಟ್ಟಿವೆ. ವಿದೇಶದಿಂದ ಒಂದೊಂದಾಗಿ ತರಿಸಿ ಸುಂಕ, ಜಿಎಸ್‌ಟಿ, ಆಮದು ನಿರ್ಬಂಧಗಳೊಂದಿಗೆ ಹೆಣಗುವುದಕ್ಕಿಂತ ಇಂಥ ನೋಂದಾಯಿತ ಮಾರಾಟಗಾರರಿಂದ ಬಿಲ್ ಸಮೇತ ಕೊಳ್ಳುವುದು ಲೆಕ್ಕಪರಿಶೋಧನೆಗೂ ಒಳ್ಳೆಯದು, ಕಸದ ರಾಶಿಗೂ.

ಹೀಗೆ ಉಳಿಸಿದ ಹಣ ಎಲ್ಲಿಗೆ ಹೋಗಬೇಕು ಎಂಬುದೂ ಆಯ್ಕೆಯ ಭಾಗವೇ. ಡೇಟಾ ಕಳೆದುಕೊಂಡ ಸಂಸ್ಥೆಯನ್ನು ವೇಗದ ಸ್ವಿಚ್ ಉಳಿಸುವುದಿಲ್ಲ. ಬೇರೆ ಕಟ್ಟಡದಲ್ಲಿಟ್ಟ ಎರಡನೆಯ ಬ್ಯಾಕಪ್, ಸಮಯಕ್ಕೆ ಬದಲಿಸಿದ ಯುಪಿಎಸ್ ಬ್ಯಾಟರಿ, ರ‍್ಯಾಕ್ ನೋಡಿಕೊಳ್ಳುವ ವ್ಯಕ್ತಿಗೆ ಕೊಟ್ಟ ತರಬೇತಿ ಉಳಿಸುತ್ತವೆ. ವೇಗದ ಜಾಲದ ಬೆಲೆಯಿರುವುದೂ ಆ ಬ್ಯಾಕಪ್ ರಾತ್ರಿಯೊಳಗೆ ಮುಗಿಯುವುದರಲ್ಲಿ, ಎಡಿಟರ್ ಕೈಕಟ್ಟಿ ಕೂರದಿರುವುದರಲ್ಲಿ. ಆದ್ದರಿಂದ ಕೊಟೇಶನ್ ತಂದವರ ಮುಂದೆ ಮೂರು ಪ್ರಶ್ನೆ ಇಡಿ. ಯಾವ ಎರಡು ಯಂತ್ರಗಳ ನಡುವೆ, ಅಳೆದು ನೋಡಿದ ಯಾವ ಕೊರತೆಗೆ ಇದು ಬೇಕಾಗಿದೆ? ಐದು ವರ್ಷಕ್ಕೆ ವಿದ್ಯುತ್ ಸೇರಿದ ಖರ್ಚು ಎಷ್ಟು? ಸುರಕ್ಷತೆಯ ತಿದ್ದುಪಡಿಗಳು ಯಾವ ವರ್ಷದವರೆಗೆ ಬರುತ್ತವೆ? ಮೂರಕ್ಕೂ ಲಿಖಿತ ಉತ್ತರ ಸಿಗುವವರೆಗೆ ಚೆಕ್ಕಿಗೆ ಸಹಿ ಬೇಡ.